ಕಮಿಷನ್ ಉಳಿಸಿದ ಮನೆ

ಕಮಿಷನ್ ಎಂಬ ಮಾತು ಕಿವಿಗೆ ಬಿದ್ದರೆ ಸಾಕು, ಶ್ರೀಕಂಠನಿಗೆ ಮೈಯೆಲ್ಲ ಉರಿಯುತ್ತಿತ್ತು. ಜಪಾನಿನ ಹಮಾಮತ್ಸುವಿನ ಕಾರ್ಖಾನೆಯಲ್ಲಿ ಮೋಟರ್‌ಬೈಕ್ ಎಂಜಿನ್ ಬಿಚ್ಚಿ ಜೋಡಿಸುವ ನನಗೆ ಒಂದು ಮನೆ ಮಾರಲು ನಡುವೆ ಇನ್ನೊಬ್ಬ ಯಾಕೆ ಎಂಬುದು ಅವನ ವಾದ. ಆರು ವರ್ಷದ ಹಿಂದೆ ಈ ಮನೆಯನ್ನು ಕೊಂಡದ್ದೂ ಹಾಗೆಯೇ. ಬ್ರೋಕರ್ ಗೀಕರ್ ಇಲ್ಲದೆ, ಮಾಲೀಕನ ಹತ್ತಿರ ನೇರವಾಗಿ ಚೌಕಾಸಿ ಮಾಡಿ, ಅರ್ಧ ಬೆಲೆಗೆ. ಈ ಸಾಹಸವನ್ನು ಅವನು ಪ್ರತಿ ಯುಗಾದಿಯ ಊಟದಲ್ಲೂ ವರ್ಣಿಸುತ್ತಿದ್ದ. ಬಂದವರು ಒಬ್ಬಟ್ಟಿನ ಆಸೆಗೆ ಕೇಳಿಸಿಕೊಳ್ಳುತ್ತಿದ್ದರು.

ಈಗ ಅವನಿಗೆ ದೂರದ ಸೆಂಡಾಯ್‌ನಲ್ಲಿ ಹೊಸ ಕೆಲಸ ಸಿಕ್ಕಿತ್ತು. ಈ ಮನೆ ಹೋದರೆ ಅಲ್ಲೊಂದು ಮನೆ. ಹೋಗದಿದ್ದರೆ ಹೆಂಡತಿ ಹರ್ಷಿಣಿ ಇಲ್ಲಿ, ಅವನು ಅಲ್ಲಿ ಒಂದು ಕೋಣೆಯಲ್ಲಿ ಕೊಂಬಿನಿ ಅಂಗಡಿಯ ಅನ್ನದುಂಡೆ ತಿನ್ನುತ್ತ.

"ಸುಮ್ನೆ ಒಬ್ಬ ಏಜೆಂಟ್‌ನ ಹಿಡಿ ಕಣೋ," ಎಂದ ಗೆಳೆಯ ರಮಾಕಾಂತ. "ಇಲ್ಲಿನ ರೂಲ್ಸು ನಮಗೇನ್ ಗೊತ್ತು?"

ಶ್ರೀಕಂಠ ಕೇಳುವ ಪೈಕಿಯೇ? ಒಂದು ಸಲ ಸಣ್ಣ ಫೀಸು ಕಟ್ಟಿದರೆ ಮನೆಯ ಜಾಹೀರಾತು ಹಾಕುವ ವೆಬ್‌ಸೈಟೊಂದನ್ನು ಹುಡುಕಿದ. ಫೋಟೋ ತೆಗೆಯುವುದು, ಹೊಗಳಿ ಬರೆಯುವುದು, ಬಂದವರಿಗೆ ತೋರಿಸುವುದು ಎಲ್ಲ ಮಾರುವವನ ಪಾಡು. ಭಾನುವಾರಕ್ಕೆ ಮೂರು ಪಾರ್ಟಿ ಗೊತ್ತಾದವು.

ಆ ಬೆಳಿಗ್ಗೆ ಹರ್ಷಿಣಿ ಅಡ್ಡ ನಿಂತಳು. "ರೀ, ಇಷ್ಟು ಜನರ ಕಣ್ಣು ಬೀಳತ್ತೆ. ದೃಷ್ಟಿ ತೆಗೀದೆ ಯಾರನ್ನೂ ಒಳಗೆ ಬಿಡ್ಬೇಡಿ."

ಆ ಊರಲ್ಲಿ ಬೂದುಗುಂಬಳ ಸಿಗದು. ಪ್ರತಿವರ್ಷ ಆಯುಧ ಪೂಜೆಗೆ ಮಾಡುವಂತೆ, ಶ್ರೀಕಂಠ ಸೂಪರ್‌ಮಾರ್ಕೆಟ್ಟಿನ ಹಸಿರು ಕುಂಬಳಕಾಯಿಗೇ ಕುಂಕುಮ ತುಂಬಿ, ಕರ್ಪೂರ ಹಚ್ಚಿ, ಮನೆಗೆ ನಿವಾಳಿಸಿ ಗೇಟಿನ ಮುಂದೆ ಅಪ್ಪಳಿಸಿದ. ಪಕ್ಕದ ಮನೆಯ ಎಂಬತ್ತರ ಅಜ್ಜಿ ಸುಗಿಯಾಮಾ ಸಾನ್, ಆ ಬೀದಿಯ ಸಂಘದ ಅಧ್ಯಕ್ಷೆ, ಗುಡಿಸುವುದನ್ನು ನಿಲ್ಲಿಸಿ, ಕಣ್ಣು ಮುಚ್ಚಿ ಕೈಮುಗಿದರು. ಪ್ರತಿವರ್ಷವೂ ಅವರು ಹೀಗೇ. ನಮ್ಮ ಸಂಸ್ಕೃತಿಯ ಮೇಲೆ ಎಂಥ ಗೌರವ ಎಂದು ಶ್ರೀಕಂಠನಿಗೆ ಪ್ರತಿವರ್ಷವೂ ಎದೆ ಉಬ್ಬುತ್ತಿತ್ತು.

ಮೊದಲು ಬಂದದ್ದು ಎಳೆಯ ದಂಪತಿ. ಅಡುಗೆಮನೆ ನೋಡಿ ಆ ಹುಡುಗಿ ಚಪ್ಪಾಳೆ ತಟ್ಟಿದಳು. ಗಂಡ ಸೋಫಾ ಎಲ್ಲಿಡುವುದೆಂದು ಆಗಲೇ ಅಳೆಯತೊಡಗಿದ. ಹೊರಗೆ ಹೋದಾಗ ಸುಗಿಯಾಮಾ ಸಾನ್ ಅವರನ್ನು ಮಾತಾಡಿಸಿದರು. ಇಬ್ಬರೂ ಹಿಂತಿರುಗಿ ಮನೆಗೆ ಸೊಂಟ ಬಗ್ಗಿಸಿ ವಂದಿಸಿದರು. ಶ್ರೀಕಂಠನಿಗಲ್ಲ, ಮನೆಗೆ. ಆಮೇಲೆ ಕಾರು ಹತ್ತಿದವರು ಫೋನನ್ನೇ ಎತ್ತಲಿಲ್ಲ.

ಎರಡನೆಯವರು ನಿವೃತ್ತ ಶಾಲಾ ಮೇಡಂ. ಅವರಿಗೆ ಹಿತ್ತಿಲು ಬಹಳ ಹಿಡಿಸಿತು. ಅವರೂ ಗೇಟಿನ ಹತ್ತಿರ ಅಜ್ಜಿಯ ಜೊತೆ ಮಾತಾಡಿ ಹೋದರು. ಸ್ವಲ್ಪ ಹೊತ್ತಿಗೆ ಬಿಳಿ ಸೇವಂತಿಗೆಯ ಗೊಂಚಲೊಂದನ್ನು ತಂದು ಗೇಟಿನ ಬುಡದಲ್ಲಿಟ್ಟು, ಮಾತಿಲ್ಲದೆ ಹೊರಟರು.

"ಇದೇನ್ರೀ?" ಎಂದಳು ಹರ್ಷಿಣಿ.

"ಇಲ್ಲಿಯೋರ ಪದ್ಧತಿ ಇರ್ಬೇಕು. ಮನೆ ಒಪ್ಪಿಗೆ ಆಯ್ತು ಅಂತ. ನಮ್ಮಲ್ಲಿ ತಾಂಬೂಲ ಕೊಡ್ತೀವಲ್ಲ, ಹಾಗೆ."

ಹರ್ಷಿಣಿ ಸಂತೋಷದಿಂದ ಆ ಹೂವನ್ನು ದೇವರ ಕೋಣೆಯ ಗಣಪತಿಗೆ ಏರಿಸಿದಳು.

ಮೂರನೆಯವನು ಮೀನಿನ ವ್ಯಾಪಾರಿ, ಗಟ್ಟಿ ಆಸಾಮಿ. ಗೋಡೆ ಗುದ್ದಿ ನೋಡಿದ, ನಲ್ಲಿ ತಿರುಗಿಸಿದ, ಬೆಲೆಗೆ ತಲೆಯಾಡಿಸಿದ. ಶ್ರೀಕಂಠ ಮನಸ್ಸಿನಲ್ಲೇ ಸೆಂಡಾಯ್‌ನಲ್ಲಿ ಹಾಲು ಉಕ್ಕಿಸಿದ. ಆಗ ಸುಗಿಯಾಮಾ ಸಾನ್ ಬಾಗಿಲಲ್ಲಿ ಕಾಣಿಸಿಕೊಂಡು ನಯವಾಗಿ ಕೇಳಿದರು. "ತಪ್ಪು ತಿಳೀಬೇಡಿ. ವರ್ಷಕ್ಕೊಂದು ಕುಂಬಳಕಾಯಿ, ಅದನ್ನ ಮುಂದೆ ನೀವೇ ಒಡೀತೀರಾ?"

ವ್ಯಾಪಾರಿ ಅವರ ಹಿಂದೆ ಹೊರಗೆ ಹೋದ. ಮರಳಿದಾಗ ಮುಖ ಸುಣ್ಣ. ಒಂದು ಕಾಲಿಗೆ ತನ್ನ ಶೂ, ಇನ್ನೊಂದಕ್ಕೆ ಶ್ರೀಕಂಠನ ಚಪ್ಪಲಿ ಸಿಕ್ಕಿಸಿಕೊಂಡು ಓಡಿದ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಶ್ರೀಕಂಠನ ಪಿತ್ತ ನೆತ್ತಿಗೇರಿತು. "ಸುಗಿಯಾಮಾ ಸಾನ್, ಸುಮಿಮಾಸೆನ್, ಕ್ಷಮಿಸಿ, ಬಂದೋರಿಗೆಲ್ಲ ಏನ್ ಹೇಳಿದ್ರಿ?"

"ಹೆಚ್ಚೇನಿಲ್ಲ, ಶ್ರೀಕಂಠ ಸಾನ್. ಮೊರಿತಾ ಸಾನ್ ವಿಷಯ ಅಷ್ಟೆ. ಹೊಸಬರಿಗೆ ಮೊದಲೇ ತಿಳಿಸೋದು ಧರ್ಮ."

"ಯಾವ ಮೊರಿತಾ ಸಾನ್?"

ಅಜ್ಜಿಯ ಕೈಯ ಪೊರಕೆ ನಿಂತಿತು. "ನಿಮಗೆ ಗೊತ್ತಿಲ್ವಾ? ನಿಮ್ಮ ಮನೇಲೇ ತೀರಿಕೊಂಡೋರು. ಪಾಪ, ಒಬ್ಬರೇ ಇದ್ರು. ಹೋಗಿ ತಿಂಗಳಾದ ಮೇಲೆ ನಮಗೆ ತಿಳೀತು. ಈಗ ನಿಮ್ಮ ದೇವರ ಕೋಣೆ ಇದೆಯಲ್ಲ, ಅಲ್ಲೇ. ಆ ಮೇಡಂ ಬಿಳಿ ಸೇವಂತಿಗೆ ಇಟ್ಟದ್ದೂ ಅವರಿಗೇ, ಅದು ಸತ್ತೋರಿಗೆ ಇಡೋ ಹೂವು."

ಬಾಗಿಲಲ್ಲಿ ನಿಂತು ಕೇಳುತ್ತಿದ್ದ ಹರ್ಷಿಣಿಯತ್ತ ಶ್ರೀಕಂಠ ತಿರುಗಿ ನೋಡಿದ.

"ಆಮೇಲೆ ದೀಪ ತಾನಾಗೇ ಹತ್ತೋದು, ಬಾಗಿಲು ಬಡ್ಕೊಳ್ಳೋದು," ಅಜ್ಜಿ ಮುಂದುವರಿಸಿದರು. "ಯಾರೂ ಮನೆ ಕೊಳ್ಳಲಿಲ್ಲ. ನೀವು ಬಂದು ಮೊದಲನೇ ಕುಂಬಳಕಾಯಿ ಒಡೆದ ದಿನದಿಂದ ಎಲ್ಲ ಶಾಂತ. ತಿಳಿದೂ ತಿಳಿದೂ ಮನೆ ಕೊಂಡು, ವರ್ಷವರ್ಷ ಆ ಜೀವಕ್ಕೆ ಶಾಂತಿ ಮಾಡ್ತಾರಲ್ಲ, ಎಂಥಾ ದೊಡ್ಡ ಮನಸ್ಸು ಅಂತ ಬೀದಿಯೋರೆಲ್ಲ ಮಾತಾಡ್ಕೋತೀವಿ."

ಅವನು ರಮಾಕಾಂತನಿಗೆ ಫೋನ್ ಮಾಡಿದ. ಎಲ್ಲ ಕೇಳಿಸಿಕೊಂಡು ರಮಾಕಾಂತ ನಿಟ್ಟುಸಿರಿಟ್ಟ. "ಅಂಥದ್ದನ್ನೆಲ್ಲ ಬ್ರೋಕರ್ ಆದೋನು ಕೊಳ್ಳೋನಿಗೆ ಮೊದಲೇ ಹೇಳ್ತಾನೆ ಕಣೋ. ಕಮಿಷನ್ ಕೊಡೋದೇ ಅದಕ್ಕೆ. ಈಗ ನಿಂಗೂ ಗೊತ್ತಾಯ್ತಲ್ಲ, ಇನ್ಮೇಲೆ ನೀನೂ ಹೇಳ್ಬೇಕು. ಅರ್ಧ ಬೆಲೆಗೆ ಯಾರಾದ್ರೂ ಸಿಗ್ತಾರೆ ಬಿಡು. ನಿನ್ನಂಥೋರು."

ಅಷ್ಟರಲ್ಲಿ ಹರ್ಷಿಣಿ ಗಣಪತಿಯನ್ನು ಎದೆಗೆ ಅವುಚಿಕೊಂಡು ಹೊರಗೆ ಬಂದು ಕಾರಿನಲ್ಲಿ ಕೂತಿದ್ದಳು. ಕಿಟಕಿಯ ಗಾಜು ಒಂದಂಗುಲ ಇಳಿಯಿತು.

"ಆರು ವರ್ಷ ಆ ಕೋಣೇಲಿ ನೈವೇದ್ಯ ಇಟ್ಟಿದ್ದೀನಿ ಕಣ್ರೀ. ಅಯ್ಯೋ, ಯಾರು ತಿಂತಿದ್ರೋ! ನಾನಂತೂ ಒಳಗೆ ಕಾಲಿಡಲ್ಲ. ನೀವು ಬೇಕಾದ್ರೆ ಇರಿ, ಕಮಿಷನ್ ಉಳ್ಸಿದ ಮನೆ!"

ಗಾಜು ಮೇಲೇರಿತು. ಮಾರಲೂ ಆಗದ, ಇರಲೂ ಆಗದ ಮನೆಯ ಮುಂದೆ ಶ್ರೀಕಂಠ ತಲೆಯ ಮೇಲೆ ಕೈ ಹೊತ್ತು ಕೂತ. ಒಳಗೆ ಎಲ್ಲೋ ಒಂದು ಬಾಗಿಲು ದಢಾರನೆ ಬಡಿದುಕೊಂಡಿತು. ಗಾಳಿಯೇ ಇರಬೇಕು. ಆದರೆ ಗಿಡದ ಎಲೆಯೊಂದೂ ಅಲ್ಲಾಡುತ್ತಿರಲಿಲ್ಲ.

ಸುಗಿಯಾಮಾ ಸಾನ್ ತಮ್ಮ ಹಿತ್ತಿಲಿನಿಂದ ಒಂದು ಕುಂಬಳಕಾಯಿ ಕಿತ್ತು ತಂದು, ಎರಡೂ ಕೈಯಲ್ಲಿ ಹಿಡಿದು ಬಾಗಿ ನಿಂತರು. "ನೀವು ಹೊರಟುಹೋಗ್ತೀರಿ ಅಂತ ಮೊರಿತಾ ಸಾನ್‌ಗೆ ಬೇಜಾರಾಗಿರಬಹುದು."

ಶ್ರೀಕಂಠ ಕಾಯಿಯನ್ನು ನೋಡಿದ, ಮನೆಯನ್ನು ನೋಡಿದ. ಜೀವಮಾನದಲ್ಲಿ ಮೊದಲ ಸಲ ಅವನು ಚೌಕಾಸಿ ಮಾಡಲಿಲ್ಲ.

"ಅಜ್ಜಿ," ಎಂದ ಸಣ್ಣ ದನಿಯಲ್ಲಿ, "ಇದಕ್ಕಿಂತ ದೊಡ್ಡದು ಇದ್ಯಾ?"