ಕಾದವರ ಗೋಡೆ

ಫೋಟೋದೊಳಗಿನ ಸಿಪಾಯಿಯಿಂದ ನನಗೆ ಎಂದೂ ತೊಂದರೆಯಾಗಿಲ್ಲ. ಅವನನ್ನು ಬಗಲಲ್ಲಿಟ್ಟುಕೊಂಡು ಬರುವವರಿಂದ ತೊಂದರೆ ತಪ್ಪಿದ ದಿನವಿಲ್ಲ. ಎರಡನೆಯ ಮಹಾಯುದ್ಧ ಮುಗಿದಿತ್ತು, ಸಂಸ್ಥಾನಗಳು ಇನ್ನೂ ಇದ್ದವು. ಎರಡೂ ಯುದ್ಧಗಳಿಗೆ ಹೋದ ನಮ್ಮವರ ಫೋಟೋಗಳನ್ನು ಸಭಾಗೃಹದ ಗೋಡೆಗೆ ಹಾಕಬೇಕೆಂದು ನಮ್ಮ ಸಂಸ್ಥಾನದ ದಿವಾನರಾದ ಕಾರಭಾರಿ ಸಾಹೇಬರ ಅಪ್ಪಣೆಯಾಯಿತು. ಪ್ರತಿಯೊಂದರ ಕೆಳಗೆ ಹೆಸರು, ಸೇನೆಯ ಪಲಟಣ ಬರೆಯುವ ಕೆಲಸ ಕಚೇರಿಯ ಕಾರಕೂನನಾದ ನನ್ನದು. ಟೋಪಿಯ ಬಿಲ್ಲೆ ನೋಡಿ ಪಲಟಣ ಖಾತ್ರಿಯಾಗದೆ ಯಾರೂ ಗೋಡೆ ಹತ್ತಕೂಡದೆಂದು ನಾನು ಪಟ್ಟು ಹಿಡಿದೆ. ಕನ್ನಡ ಹಳ್ಳಿಗಳಿಗಾಗಿ ಜಾಹೀರನಾಮೆಯನ್ನೂ ನಾನೇ ಬರೆದೆ. ಅದು ಸಾಂಗಲಿಯಲ್ಲಿ ಅಚ್ಚಾಗಿ, ಮುದ್ರೆ ಬಿದ್ದು, ಚಾವಡಿಗಳಿಗೆ ಅಂಟಿತು.

ಕೋಟಿನ ಪಲಟಣ

ಮೊದಲು ಬಂದ ಫೋಟೋಗಳಲ್ಲೆಲ್ಲ ಒಂದೇ ಬಿಲ್ಲೆ. ಭೂತಗನ್ನಡಿ ಹಿಡಿದು ನೋಡಿದರೆ ಎಲ್ಲರ ಕೋಟಿಗೂ ಒಂದೇ ಜಾಗದಲ್ಲಿ ಗುಂಡಿ ಕಿತ್ತಿದೆ. ಇಷ್ಟು ಒಗ್ಗಟ್ಟಿನ ಪಲಟಣ ಇಂಗ್ಲಿಷರ ಬಳಿಯೂ ಇರಲಿಲ್ಲ. ಮಿರಜದ ಸ್ಟುಡಿಯೋದವನನ್ನು ಕೇಳಿದೆ.

“ಕೋಟ, ಟೊಪಿಗಿ ನಮ್ಮವರಿ. ಕನ್ಯಾದ ಮನಿಗೆ ಕಳಸಾಕ ವರಗೋಳು ಹಾಕ್ಕೊಂಡ ತಗಸ್ತಾರ. ಲಗ್ನದ ಬ್ಯಾಂಡಿನವರ ಕಡಿಂದ ತಗೊಂಡೇವಿ.”

“ಅದಕ್ಕೇ ಬಿಲ್ಲೆಯ ಮೇಲೆ ತುತ್ತೂರಿ ಇದೆಯೋ?”

“ಬ್ಯಾಂಡಿನವರು ಮತ್ತ ತೋಪು ಹಾಕಸ್ತಾರೇನ್ರಿ ಸಾಹೇಬ್ರ?”

ಸಾವಕಾರರ ಮಗ

ಆ ಕೋಟಿನೊಳಗೆ ಪೇಟೆಯ ಶೇಂಗಾ ಸಾವಕಾರರ ಮಗನೂ ಇದ್ದ. ಫೋಟೋ ವಾಪಸು ಕೊಟ್ಟೆ. ಸಾವಕಾರರೇ ಬಂದರು.

“ಮಗಾ ಯುದ್ಧದಾಗ ಇದ್ದನ್ರಿ.”

“ಎಲ್ಲಿ?”

“ಪುಣೆದಾಗ. ರೇಶನ್ ಗೋದಾಮಿನ್ಯಾಗ. ಅಂವ ಅಕ್ಕಿ ಕಳಸದಿದ್ರ ಗುಂಡ ಯಾರ ಹಾರಸ್ತಿದ್ರು?”

ಆ ಅಕ್ಕಿಯೊಳಗಿನ ಕಲ್ಲುಗಳನ್ನೇ ತೋಪಿಗೆ ತುಂಬಿದ್ದರೆ ಯುದ್ಧ ಇನ್ನೂ ಬೇಗ ಮುಗಿಯುತ್ತಿತ್ತು ಎಂದೆ. ಅವರು ನಗಲಿಲ್ಲ, ನೆಟ್ಟಗೆ ಕಾರಭಾರಿ ಸಾಹೇಬರಲ್ಲಿಗೆ ಹೋದರು. ಸಭಾಗೃಹಕ್ಕೆ ಸುಣ್ಣಬಣ್ಣ ಮಾಡಿಸಿಕೊಟ್ಟವರು ಅವರೇ.

“ಬಿಲ್ಲೆಯ ಮಾತು ಜಾಹೀರನಾಮೆಯಲ್ಲಿ ಎಲ್ಲಿದೆ?” ಎಂದು ಸಾಹೇಬರು ನನ್ನನ್ನೇ ಗದರಿದರು. “ಮುದ್ರೆ ಬಿದ್ದದ್ದೇ ಕಾಯ್ದೆ. ಮೊಳೆ ಹೊಡೆಸಿ.”

ಮೊಳೆ ಹೊಡೆಸಿದೆ. ಯುದ್ಧ ಮುಗಿದ ಮೇಲೆ ಸಾವಕಾರರ ಮಗ ಗೋಡೆ ಹತ್ತಿದ.

ಆರಗದ ಮುದುಕಿ

ಆಮೇಲೆ ಆರಗವೆಂಬ ಹಳ್ಳಿಯಿಂದ ಒಬ್ಬ ಮುದುಕಿ ಬಂದಳು. ಸೆರಗಿನ ಗಂಟು ಬಿಚ್ಚಿ ಫೋಟೋ ತೆಗೆದಳು. ಅದರಲ್ಲಿ ಇಳಕಲ್ಲ ಸೀರೆಯುಟ್ಟ ಎಳೆಯ ಹೆಂಗಸು.

“ಇದು ಯಾರು?”

“ನಾನ ಅಲ್ಲೇನ್ರಿ, ಲಗ್ನ ಆದ ಹೊಸದಾಗ.”

“ಅವ್ವಾ, ಸಿಪಾಯಿಯ ಫೋಟೋ ಬೇಕು.”

“ಅವರದಿಲ್ಲರಿ. ಹಿಂದಿನ ಯುದ್ಧಕ್ಕ ಹೋಗೂಮುಂದ ನಂದು ತಗಸಿ ಕಿಸೇದಾಗ ಇಟ್ಕೊಂಡ ಹೋದ್ರು. ಫೋಟೋ ತಿರುಗಿ ಬಂತು. ಅವರು ಬರಲಿಲ್ಲ.”

“ಯುದ್ಧ ಮಾಡಿದವರನ್ನಷ್ಟೇ ಹಾಕುತ್ತೇವೆ.”

“ಚಾವಡ್ಯಾಗ ಹಂಗ ಓದಲಿಲ್ಲರಿ. ಒಂದೀಟ ನೋಡ್ರಿ.”

ಜಾಹೀರನಾಮೆ ತರಿಸಿ ನೋಡಿದೆ. ನಾನು ಬರೆದದ್ದು, ‘ಮಹಾಯುದ್ಧದಲ್ಲಿ ಕಾದಿದವರ ಫೋಟೋ ತರತಕ್ಕದ್ದು.’ ಅಚ್ಚಿನವನು ‘ದಿ’ ನುಂಗಿ ನೀರು ಕುಡಿದಿದ್ದ. ‘ಮಹಾಯುದ್ಧದಲ್ಲಿ ಕಾದವರ ಫೋಟೋ.’

“ನಾ ಕಾದೇನಿ,” ಎಂದಳು ಮುದುಕಿ. “ಇನ್ನೂ ಕಾಯಾಕತ್ತೇನಿ. ಹಾಕ್ತೀರೋ ಇಲ್ಲೋ ಹೇಳ್ರಿ.”

ಜಾಹೀರನಾಮೆಯನ್ನು ಸಾಹೇಬರ ಮುಂದೆ ಹಿಡಿದೆ.

“ಇದು ಅಚ್ಚಿನ ತಪ್ಪು,” ಎಂದರು.

“ಮುದ್ರೆ ಬಿದ್ದದ್ದೇ ಕಾಯ್ದೆ, ಸಾಹೇಬರೆ.”

“ಹಾಗಾದರೆ ಹಾಕಿಸಿ,” ಎಂದು ಅವರು ಜಾಹೀರನಾಮೆಯನ್ನು ನನ್ನತ್ತ ಸರಿಸಿದರು. ಸಾವಕಾರರ ಮಗನಾದರೋ ಕಾದಿದವನೂ ಅಲ್ಲ, ಕಾದವನೂ ಅಲ್ಲ. ಅವನನ್ನು ಕೆಳಗಿಳಿಸಿ, ಅದೇ ಮೊಳೆಗೆ ಮುದುಕಿಯನ್ನು ಹಾಕಿಸಿದೆ.

ಕೆಳಗಿನ ಚೀಟಿಯಲ್ಲಿ ಒಂದು ಜಾಗ ಖಾಲಿ ಉಳಿದಿತ್ತು.

“ಅವ್ವಾ, ನಿಮ್ಮ ಯಜಮಾನರದು ಯಾವ ಪಲಟಣ?”

“ಅವರದು ಯಾರಿಗೆ ಗೊತ್ತರಿ. ಫೋಟೋ ನಂದೈತಿ, ನಂದ ಬರೀರಿ.”

“ನಿಮ್ಮದು ಯಾವುದು?”

“ಮನಿ ಪಲಟಣ,” ಎಂದಳು. “ಅತ್ತಿ ಸುಬೇದಾರ.”