ಆಯ್ತಕ್ಕ ‘ಆಗಲ್ಲ’ ಎಂದ ದಿನ

ತೊಂದರೆ ಶುರುವಾದದ್ದು ಫ್ರೆಂಚ್ ಟೀಚರ್ ಹೇಳಿದ ಒಂದು ಮಾತಿನಿಂದ. ಆ ಭಾಷೆಯಲ್ಲಿ ಇಲ್ಲವೆನ್ನಬೇಕಾದರೆ ಕ್ರಿಯಾಪದದ ಮುಂದೊಂದು ‘ನ’, ಹಿಂದೊಂದು ‘ಪಾ’ ನಿಲ್ಲಿಸಬೇಕಂತೆ. ಇಬ್ಬರು ಪೊಲೀಸರು ಕಳ್ಳನ ಎರಡೂ ರಟ್ಟೆ ಹಿಡಿದು ನಡೆಸಿಕೊಂಡು ಹೋದ ಹಾಗೆ.

ಇಸ್ತ್ರಿ ಅಂಗಡಿಯ ಮೇಲಿನ ಬೆಚ್ಚನೆಯ ಕೋಣೆಯಲ್ಲಿ, ಮಗಳನ್ನು ಪಕ್ಕಕ್ಕೆ ಕೂರಿಸಿಕೊಂಡು ಇದನ್ನು ಕೇಳಿದ ಆಯ್ತಕ್ಕನಿಗೆ ಜ್ಞಾನೋದಯವಾಯಿತು. ಆಕೆಯ ಹೆಸರು ಬೇರೆಯೇ ಇತ್ತು. ಯಾರು ಏನು ಕೇಳಿದರೂ ‘ಆಯ್ತು’ ಎನ್ನುತ್ತಿದ್ದುದರಿಂದ ಬೀದಿಯವರು ಈ ಹೆಸರಿಟ್ಟರು. ಅದಕ್ಕೂ ಆಕೆ ಆಯ್ತು ಎಂದಿದ್ದಳು. ಫ್ರೆಂಚ್ ಕಲಿಯುವ ಹುಚ್ಚೇನೂ ಇರಲಿಲ್ಲ. ತರಗತಿಗೆ ಜನ ಸಾಲದು, ನೀವೂ ಬನ್ನಿ ಎಂದು ಟೀಚರ್ ಕರೆದದ್ದಕ್ಕೆ ಬಂದು ಕೂತವಳು.

ನಮ್ಮ ಮಾತಿನಲ್ಲಿ ‘ಆಗಲ್ಲ’ ಬರುವುದು ವಾಕ್ಯದ ಬಾಲದಲ್ಲಿ. ‘ನಿಮ್ಮ ಪರದೆ ಒಗೆದುಕೊಡೋಕೆ ನಂಗೆ...’ ಎನ್ನುವಷ್ಟರಲ್ಲಿ ಕೇಳಿದವರು ಪರದೆಯ ಗಂಟನ್ನು ಕೈಗಿಟ್ಟು ಬೀದಿಯ ಮೂಲೆ ತಿರುಗಿರುತ್ತಿದ್ದರು. ಫ್ರೆಂಚಿನಲ್ಲಾದರೆ ಒಬ್ಬ ಪೊಲೀಸು ಮೊದಲೇ ಬಂದು ನಿಲ್ಲುತ್ತಾನೆ.

ಆಕೆಗೆ ಬೇಕಾಗಿದ್ದುದು ಒಂದೇ ಒಂದು ಭಾನುವಾರ. ಕೆರೆಯಲ್ಲಿ ದೋಣಿ ಹತ್ತಿಸುತ್ತೇನೆಂದು ಮಗಳಿಗೆ ಮಾತು ಕೊಟ್ಟು ಒಂದು ಬೇಸಿಗೆಯೇ ಕಳೆದಿತ್ತು. ಪಕ್ಕದ ಮನೆಯ ಏಣಿಯನ್ನು ಎರವಲು ಒಯ್ಯುವ ಹಾಗೆ ಪ್ರತಿ ಭಾನುವಾರವನ್ನೂ ಯಾರಾದರೊಬ್ಬರು ಒಯ್ಯುತ್ತಿದ್ದರು. ಮಗಳು ಈಚೆಗೆ ದೋಣಿಯ ಮಾತೆತ್ತುವುದನ್ನೇ ಬಿಟ್ಟಿದ್ದಳು. ಆಯ್ತಕ್ಕನನ್ನು ಚುಚ್ಚುತ್ತಿದ್ದುದು ಅದೇ.

ಶನಿವಾರ ಬೆಳಿಗ್ಗೆ ಮೆಟ್ಟಿಲಲ್ಲೇ ಕೆಳಮನೆಯ ಆಂಟಿ ಸಿಕ್ಕರು. ಅವರು ‘ನಾಳೆ’ ಎನ್ನುತ್ತಿದ್ದಂತೆಯೇ ಆಯ್ತಕ್ಕ “ಝ ನ ಪ ಪಾ” ಎಂದಳು. ನನಗೆ ಆಗುವುದಿಲ್ಲ ಎಂದು ಅದರ ಅರ್ಥ. ಅಂದವಳೇ ಹಿಂತಿರುಗಿ ನೋಡದೆ ಓಡಿದಳು. ಹಲ್ಲಿನ ಡಾಕ್ಟರ ಹತ್ತಿರ ಕೆಲಸ ಮಾಡಿ ಮಾಡಿ ಪಾಪ ಇವಳ ನಾಲಿಗೆಗೂ ಇಂಜೆಕ್ಷನ್ ಬಿದ್ದಿರಬೇಕು ಎಂದು ಆಂಟಿ ಬೀದಿಗೆಲ್ಲ ಹೇಳಿದರು.

ಕ್ಲಿನಿಕ್ಕಿನಲ್ಲಿ ನರ್ಸಮ್ಮ ಬಂದು, ನಾಳೆ ತನ್ನ ಪಾಳಿಗೆ ನೀನು ಬಾ ಎಂದು ಗೋಗರೆದಳು. ಆಯ್ತಕ್ಕ ಇಬ್ಬರು ಪೊಲೀಸರನ್ನೂ ಹೊರಡಿಸಿದಳು. ನರ್ಸಮ್ಮ ಕಣ್ಣರಳಿಸಿ, ಇದು ಫ್ರೆಂಚೇ ಎಂದು ಡಾಕ್ಟರಿಗೆ ಹೇಳಲು ನೇರ ಒಳಗೆ ಹೋದಳು. ಮರುಕ್ಷಣ ಡಾಕ್ಟರೇ ಹೊರಬಂದರು. ಒಳಗೆ ರೋಗಿ ಬಾಯಿ ತೆರೆದುಕೊಂಡೇ ಇದ್ದ.

“ಫ್ರೆಂಚ್ ಬರತ್ತೆ ಅಂತ ಹೇಳಲೇ ಇಲ್ವಲ್ಲಮ್ಮ ನೀವು. ನಾಳೆ ಫ್ರೆಂಚ್ ಡಾಕ್ಟರೊಬ್ರು ಕ್ಲಿನಿಕ್ ನೋಡೋಕೆ ಬರ್ತಿದಾರೆ. ಇಡೀ ದಿನ ನೀವೇ ಜೊತೆಗಿರ್ಬೇಕು.”

“ಝ ನ ಪ ಪಾ,” ಎಂದಳು ಆಯ್ತಕ್ಕ, ಅಳುವ ದನಿಯಲ್ಲಿ.

ಡಾಕ್ಟರು ತಲೆದೂಗಿ, ಉಚ್ಚಾರಣೆಯೆಂದರೆ ಹೀಗಿರಬೇಕು ಎಂದು ರೋಗಿಗೂ ಹೇಳಿದರು. ಇಲಿಯನ್ನು ಓಡಿಸಹೋಗಿ ಹುಲಿಗೆ ಬಾಗಿಲು ತೆರೆದಂತಾಯಿತು.

ಸಂಜೆ ತರಗತಿಯಲ್ಲಿ ಬಾಯಿಪರೀಕ್ಷೆ. ಟೀಚರ್ ಕೇಳಿದ್ದಕ್ಕೆಲ್ಲ ಇಲ್ಲವೆನ್ನಬೇಕು. ಆಯ್ತಕ್ಕ ದಿನದ ಸಂಕಟವನ್ನೆಲ್ಲ ಸೇರಿಸಿ, ಬರುವುದಿಲ್ಲ, ಹೋಗುವುದಿಲ್ಲ, ಒಗೆಯುವುದಿಲ್ಲ ಎಂದು ಒಂದೊಂದನ್ನೂ ಮೊಳೆ ಹೊಡೆದಂತೆ ಹೇಳಿದಳು. ಇಷ್ಟು ಮನಸಾರೆ ನಿರಾಕರಿಸಿದ ವಿದ್ಯಾರ್ಥಿಯನ್ನು ತಾನು ಕಂಡೇ ಇಲ್ಲವೆಂದ ಟೀಚರ್, ತಗ್ಗಿದ ದನಿಯಲ್ಲಿ ನಮ್ಮ ಮಾತಿಗಿಳಿದರು.

“ನಾಳೆ ನಾನು ಊರಲ್ಲಿರಲ್ಲ. ಮಕ್ಕಳ ತರಗತಿ ನೀವೇ ತಗೋಬೇಕು. ಪಾಠ ಇದೇ.”

ಅಂತೂ ಫ್ರೆಂಚಿನಲ್ಲಿ ‘ಆಗಲ್ಲ’ ಎಂದರೆ ಅರ್ಥವಾಗುವ ಒಬ್ಬರು ಸಿಕ್ಕಿದ್ದರು. ಆಯ್ತಕ್ಕ ಬಾಯಿ ತೆರೆದಳು. ಪೊಲೀಸರಿಬ್ಬರೂ ರಜೆ ಹಾಕಿದ್ದರು. ‘ಆಯ್...’ ಎಂಬುದು ಹೊರಟೇಬಿಟ್ಟಿತ್ತು. ಅಷ್ಟರಲ್ಲಿ ಪಕ್ಕದಿಂದ ಸಣ್ಣ ದನಿಯೊಂದು ಕೇಳಿಸಿತು.

“ಎಲ್ ನ ಪ ಪಾ.”

ಅಮ್ಮನಿಗೆ ಆಗಲ್ಲ. ಹೇಳಿದವಳು ಮಗಳು. ಟೀಚರ್ ನಕ್ಕು, ಹಾಗಾದರೆ ಬೇರೆಯವರನ್ನು ಕೇಳುತ್ತೇನೆ ಬಿಡು ಪುಟ್ಟಿ ಎಂದರು. ಅಷ್ಟೇ. ಆಕಾಶ ಕಳಚಿ ಬೀಳಲಿಲ್ಲ. ಬೀದಿಗಿಳಿದ ಮೇಲೆ ಮಗಳೇ ಡಾಕ್ಟರಿಗೂ ಫೋನ್ ಮಾಡಿ, “ನಾಳೆ ಅಮ್ಮಂಗೆ ಬರೋಕಾಗಲ್ಲ ಅಂಕಲ್” ಎಂದಳು. ಅವರೂ ಒಪ್ಪಿದರು.

ಮನೆಗೆ ಬಂದ ಆಯ್ತಕ್ಕ ಅಟ್ಟದಿಂದ ಎರಡು ಟೋಪಿ ಇಳಿಸಿ ಧೂಳು ಕೊಡವಿದಳು. ಮಗಳು ಮಾತ್ರ ಕಾಲ್ಬೆರಳು ನೋಡುತ್ತ ಕೂತಿದ್ದಳು.

“ಅಮ್ಮಾ, ನಾಳೆ ನಂಗೆ ಆಗಲ್ಲ.”

“ಯಾಕೇ?”

“ಕೆಳಮನೆ ಆಂಟಿ ಊರಿಗೆ ಹೋಗ್ತಾರಂತೆ. ಬೆಕ್ಕು ನೋಡ್ಕೋಬೇಕಂತೆ. ಬೆಳಿಗ್ಗೆ ನೀನು ಏನೋ ಅಂದು ಓಡಿದ್ಯಲ್ಲ, ಅದಕ್ಕೆ ನನ್ನನ್ನೇ ಕೇಳಿದ್ರು. ಆಯ್ತು ಅಂದ್ಬಿಟ್ಟೆ.”

“ಟೀಚರಿಗೆ, ಡಾಕ್ಟರಿಗೆ ಅಷ್ಟು ಧೈರ್ಯವಾಗಿ ಹೇಳಿದ್ಯಲ್ಲೇ?”

“ಅದು ನಿನ್ನ ಪರವಾಗಿ. ನನ್ನ ಪರವಾಗಿ ಹೇಳೋಕೆ ನಂಗೆ ಬರಲ್ಲ.”

ಆಯ್ತಕ್ಕ ಚಪ್ಪಲಿ ಕೂಡ ಮೆಟ್ಟದೆ ಕೆಳಗಿಳಿದಳು. ಬಾಗಿಲು ತೆರೆದದ್ದೇ ತಡ, “ಆಗಲ್ಲ ಆಂಟಿ. ನನ್ನ ಮಗಳಿಗೆ ನಾಳೆ ಬೆಕ್ಕು ನೋಡ್ಕೊಳ್ಳೋಕೆ ಆಗಲ್ಲ” ಎಂದಳು. ಮುಂದೊಂದು, ಹಿಂದೊಂದು. ಇಬ್ಬರು ಪೊಲೀಸರೂ ನಮ್ಮ ಊರಿನವರೇ.

ಆಂಟಿ ಕಣ್ಣುಕಣ್ಣು ಬಿಟ್ಟರು. ಆಮೇಲೆ, “ಅಷ್ಟು ಚಿಕ್ಕ ಮಗುನ ಕೇಳಿದ್ದು ನನ್ನದೇ ತಪ್ಪು ಬಿಡಮ್ಮ” ಎಂದರು. ಆಯ್ತಕ್ಕ ತಿರುಗಿದಳು. ಕಾಲು ನೆಲಕ್ಕೆ ತಾಗುತ್ತಿರಲಿಲ್ಲ.

“ಹಾಗಿದ್ರೆ ನೀನೇ ನೋಡ್ಕೋತೀಯಲ್ಲ?”

“ಆಯ್ತು,” ಎಂದಳು ಆಯ್ತಕ್ಕ.

ಬೆಕ್ಕಿನ ಬುಟ್ಟಿ ಹೊತ್ತು ಮೇಲೆ ಬಂದ ಅಮ್ಮನನ್ನು ಮಗಳು ನೋಡಿದಳು. ಬುಟ್ಟಿ ನೋಡಿದಳು. ಆಮೇಲೆ ಬಿದ್ದು ಬಿದ್ದು ನಕ್ಕಳು. ಆಯ್ತಕ್ಕ ಮೂರನೆಯ ಟೋಪಿ ಹುಡುಕತೊಡಗಿದಳು.

“ದೋಣಿಯವನು ಬೆಕ್ಕು ಬೇಡ ಅಂದ್ರೆ?”

“ನನ್ನ ಪರವಾಗಿ ನೀನು ಮಾತಾಡು, ನಿನ್ನ ಪರವಾಗಿ ನಾನು ಮಾತಾಡ್ತೀನಿ.”

“ಬೆಕ್ಕಿನ ಪರವಾಗಿ?”

ನೀರಿನ ಮೇಲೆ ಹೋಗುವ ಸುದ್ದಿ ಕೇಳಿಯೋ ಏನೋ, ಬುಟ್ಟಿಯೊಳಗಿನಿಂದ ಒಂದು ಗುರ್ರೆನ್ನುವ ಸದ್ದು ಬಂತು. ಯಾವ ಭಾಷೆಯಲ್ಲಿ ಕೇಳಿದರೂ ಅದು ‘ಆಗಲ್ಲ’ವೇ. ತನ್ನ ಪರವಾಗಿ ತಾನೇ ಇಲ್ಲವೆನ್ನಬಲ್ಲವರು ಆ ಮನೆಗೆ ಅಂತೂ ಒಬ್ಬರು ಬಂದಂತಾಯಿತು.