ಪಕ್ಕದ ಸೌನಾದ ಗೋಲು

ಪಕ್ಕದ ಮನೆಯ ರೈನೆ ತನ್ನ ಹಿತ್ತಲ ಹಬೆಸ್ನಾನದ ಮನೆಯಾದ ಸೌನಾದೊಳಗಿಂದ ‘ಗೋಲ್!’ ಎಂದು ಕಿರುಚುವಾಗ, ತೌನೊನ ಸೌನಾದ ಟಿವಿ ಪರದೆಯಲ್ಲಿ ಐಸ್ ಹಾಕಿಯ ಬಿಲ್ಲೆ ಇನ್ನೂ ನಡುಮೈದಾನದಲ್ಲೇ ಇರುತ್ತಿತ್ತು. ಮನೆಯ ವೈಫೈ ಸೌನಾವರೆಗೆ ಕುಂಟುತ್ತ ಬಂದು, ಎಂಟು ಸೆಕೆಂಡಿನ ಮೇಲೆ ತೌನೊಗೂ ಗೋಲು ಸಿಗುತ್ತಿತ್ತು, ಆದರೆ ಎಂಜಲು ಗೋಲು. ಇಡೀ ಚಳಿಗಾಲ ಹೀಗೇ ನಡೆದು, ಸೌನಾದ ಒಲೆಗಿಂತ ಅವನ ಹೊಟ್ಟೆಯೇ ಜಾಸ್ತಿ ಉರಿಯತೊಡಗಿತು.

ರೈನೆಯ ಗುಟ್ಟು ಎರಡು ಬಿಳಿ ಡಬ್ಬಿಗಳು. ಮನೆಯ ಗೋಡೆಗೊಂದು, ಹಿತ್ತಲ ಸೌನಾಕ್ಕೊಂದು. ತಂತಿಯಿಲ್ಲದೆ ಇಂಟರ್ನೆಟ್ಟನ್ನು ಅಲ್ಲಿಂದಿಲ್ಲಿಗೆ ದಾಟಿಸುವ ವೈರ್‌ಲೆಸ್ ಬ್ರಿಜ್. ತೌನೊ ಹಕ್ಕಿ ನೋಡುವ ದುರ್ಬೀನು ಹಿಡಿದು ಡಬ್ಬಿಯ ಮಾಡೆಲ್ ನಂಬರ್ ಓದಿದ, ಅದೇ ಜೋಡಿ ತರಿಸಿದ, ಮೇ ತಿಂಗಳ ಒಂದು ಶನಿವಾರ ಬೆಳಿಗ್ಗೆ ಏಣಿ ಹತ್ತಿದ. ಸಂಜೆ ನಾಲ್ಕಕ್ಕೆ ಸ್ವೀಡನ್ ಎದುರು ತಮ್ಮ ದೇಶದ ಪಂದ್ಯ. ಇವತ್ತು ಮೊದಲ ಕೂಗು ತನ್ನದೇ ಆಗಬೇಕು.

ಎರಡೂ ಡಬ್ಬಿಗಳಲ್ಲಿ ಕೆಂಪು ದೀಪ ಹತ್ತಿತು, ಅಂದರೆ ಇಂಟರ್ನೆಟ್ ಇಲ್ಲ.

“ನಡುವೆ ಏನೂ ಅಡ್ಡ ಇರ್ಬಾರ್ದು ಕಣಯ್ಯ,” ಬೇಲಿಯಾಚೆಯಿಂದ ರೈನೆ ಉಪದೇಶಿಸಿದ. “ಆ ಲೈಲಾಕ್ ಗಿಡ ನೋಡು, ಗೋಡೆ ಥರ ನಿಂತಿದೆ.”

ಅದು ತೌನೊನ ಹೆಂಡತಿ ಸಿರ್ಕಾಳ ತಾಯಿ ನೆಟ್ಟ ಗಿಡ, ಮೈತುಂಬ ಮೊಗ್ಗು. ಸಿರ್ಕಾ ಒಳಗೆ ಶನಿವಾರದ ಮನೆ ಗುಡಿಸುವ ಕೆಲಸದಲ್ಲಿದ್ದಳು. ವ್ಯಾಕ್ಯೂಮ್ ಕ್ಲೀನರಿನ ಗದ್ದಲದ ಮರೆಯಲ್ಲಿ ತೌನೊ ಒಂದು ಕೊಂಬೆ ಕತ್ತರಿಸಿದ. ಕೆಂಪು. ಇನ್ನೊಂದು ಕತ್ತರಿಸಿದ. ಕೆಂಪು. ಬುಡವೊಂದೇ ಉಳಿದಾಗಲೂ ದೀಪ ಬಣ್ಣ ಬದಲಿಸಲಿಲ್ಲ.

ನಾಲ್ಕಕ್ಕೆ ಐದು ನಿಮಿಷವಿದ್ದಾಗ ಅವನು ಹಲ್ಲು ಕಚ್ಚಿ ಸೌನಾದ ಡಬ್ಬಿಯ ಗುಂಡಿಯನ್ನು ಒತ್ತಿ ಹಿಡಿದ. ಡಬ್ಬಿ ಮಿಣಮಿಣ ಎಂದು ಜೋಡಿ ಹುಡುಕಿತು. ಹಸಿರು!

ಪಂದ್ಯದ ಮೊದಲ ಗೋಲು ಬೀಳುತ್ತಲೇ “ಗೋಲ್!” ಎಂದು ತೌನೊ ಕಿರುಚಿದ. ಪಕ್ಕದಲ್ಲಿ ಸದ್ದಿಲ್ಲ. ಸ್ವಲ್ಪ ಹೊತ್ತಿಗೆ ಸೊಂಟಕ್ಕೆ ಟವೆಲ್ ಸುತ್ತಿದ ರೈನೆ ಬಾಗಿಲಲ್ಲಿ ನಿಂತಿದ್ದ.

“ನಂದು ಯಾಕೋ ತಡವರಿಸ್ತಿದೆ ಮಾರಾಯ. ನಿಂದು ನೋಡಿದ್ರೆ ಹೊಟ್ಟೆ ಉರಿಯುತ್ತೆ.”

ಸೌನಾ ಮುಗಿಸಿ ಕೆರೆಗೆ ಹಾರಿದಷ್ಟು ಹಿತವಾಯಿತು ತೌನೊಗೆ. “ಎಲ್ಲಾ ಕೈಗುಣ ಕಣೋ. ಬಾ, ಇಲ್ಲೇ ಕೂತು ನೋಡು.”

ಮೂರು-ಮೂರು. ಇನ್ನು ಎರಡೇ ನಿಮಿಷ. ಆಗ ಮನೆಯಿಂದ ಸಿರ್ಕಾ ಫೋನ್ ಮಾಡಿದಳು. ಅವಳ ದನಿ ಕೋಣೆಗೆಲ್ಲ ಕೇಳುವಂಥದ್ದು.

“ತೌನೊ, ಬೆಳಿಗ್ಗೆ ಕ್ಲೀನರ್ ಹಚ್ಚೋಕೆ ಅಂತ ರೌಟರ್ ಪ್ಲಗ್ ಕಿತ್ತಿದ್ದೆ, ಮರ್ತೇ ಹೋಗಿತ್ತು ನೋಡು. ಈಗ ಹಾಕ್ಲಾ?”

ರೈನೆ ಪರದೆ ನೋಡಿದ, ಹಸಿರು ದೀಪ ನೋಡಿದ, ತೌನೊನ ಮುಖ ನೋಡಿದ.

“ಹಂಗಾದ್ರೆ ಇಷ್ಟೊತ್ತು ಓಡ್ತಿರೋದು ಯಾರ ಇಂಟರ್ನೆಟ್ಟು? ಡಬ್ಬಿ ಜೊತೆ ಬಂದ ಪಾಸ್‌ವರ್ಡನ್ನೇ ಇಟ್ಕೊಂಡಿದ್ದೀನಪ್ಪ ನಾನು. ನೀನೂ ಅದೇ ಡಬ್ಬಿ ತಂದ್ಯಾ? ಅದಕ್ಕೇ ನಿಂದು ಬಂದು ನನ್ನ ಮನೆ ಡಬ್ಬಿಗೆ ಅಂಟ್ಕೊಂಡಿದೆ!”

ರೈನೆ ತೌನೊನ ಡಬ್ಬಿಯ ಪ್ಲಗ್ ಕಿತ್ತು, ಅದನ್ನು ವೈರು ಸಮೇತ ಟವೆಲಿಗೆ ಸಿಕ್ಕಿಸಿಕೊಂಡು ತನ್ನ ಸೌನಾ ಕಡೆ ನಡೆದ. ಬಿಲ್ಲೆ ನಡುಮೈದಾನದಲ್ಲೇ ಕಲ್ಲಾಗಿ ನಿಂತಿತು.

“ಗೋಲ್!” ಪಕ್ಕದ ಸೌನಾ ಗುಡುಗಿತು.

ಅಭ್ಯಾಸಬಲದಿಂದ ತೌನೊ ಎಂಟು ಸೆಕೆಂಡು ಎಣಿಸುತ್ತಾ ಕೂತ. ಎಂಟನೆಯದಕ್ಕೆ ಸರಿಯಾಗಿ ಅಂಗಳದಿಂದ ಇನ್ನೊಂದು ಕೂಗು ಬಂತು.

“ತೌನೊ! ನಮ್ಮಮ್ಮನ ಲೈಲಾಕ್ ಎಲ್ಲಿ?”